ಹಿಟ್ಟು ಊರಿಂದ ಬರುತ್ತೆ, ಒಲೆ?

ಹ್ಯಾಂಡ್‌ಪೋಸ್ಟ್‌ನಲ್ಲಿ ಸೋಮವಾರ ಬೆಳಗ್ಗೆ ಮೈಸೂರು ಬಸ್ಸು ಹತ್ತೋ ಕಾಲೇಜು ಹುಡುಗರ ಬ್ಯಾಗು ಒಮ್ಮೆ ಎತ್ತಿ ನೋಡಿ. ಪುಸ್ತಕಕ್ಕಿಂತ ಹಿಟ್ಟೇ ಭಾರ. ರಾಗಿ ಹಿಟ್ಟು, ರೇಷನ್ ಅಕ್ಕಿ, ಹುಚ್ಚೆಳ್ಳು ಚಟ್ನಿಪುಡಿ, ಸಾರಿನ ಪುಡಿ. ನಾನೂ ಮೂರು ವರ್ಷ ಹೊತ್ತಿದ್ದೀನಿ. ಎಚ್.ಡಿ. ಕೋಟೆ ಕಡೆ ಅಮ್ಮಂದಿರ ಲೆಕ್ಕ ಸರಳ: ಹಿಟ್ಟಿದ್ರೆ ಮಗ ಉಪವಾಸ ಇರಲ್ಲ. ಹೋದ ಕಡೆ ಒಲೆ ಇದ್ದೇ ಇರುತ್ತೆ ಅನ್ನೋದು ಆ ಲೆಕ್ಕದೊಳಗೆ ಸೇರಿಹೋಗಿದೆ.

ನನ್ನ ರೂಮಿನಲ್ಲಿ ಇರಲಿಲ್ಲ. ಅಡುಗೆ ಮಾಡೋ ಹಾಗಿಲ್ಲ ಅಂತ ಓನರ್ ಮೊದಲ ದಿನವೇ ಹೇಳಿದ್ದರು. ಮಂಚದ ಕೆಳಗೆ ಬಚ್ಚಿಟ್ಟಿದ್ದ ರೈಸ್ ಕುಕ್ಕರ್ ಎರಡು ವಾರಕ್ಕೇ ಸಿಕ್ಕಿಬಿತ್ತು, ಅನ್ನದ ವಾಸನೆ ಬಚ್ಚಿಡೋಕೆ ಆಗಲ್ಲವಲ್ಲ. ಮೂರನೇ ತಿಂಗಳಿಗೆ ಹಿಟ್ಟಿಗೆ ಹುಳ ಬಿತ್ತು. ಅಮ್ಮನಿಗೆ ಹೇಳಲಿಲ್ಲ.

ಕಾಲೇಜು ಮಕ್ಕಳ ಹಸಿವಿಗೆ ನಾವು ಕೊಡೋ ಪರಿಹಾರಗಳ ಬಗ್ಗೆ ನನ್ನ ತಕರಾರು ಇದೇ. ಎಲ್ಲವೂ ಊಟ ಕೊಡುತ್ತವೆ ಇಲ್ಲಾ ದುಡ್ಡು ಕೊಡುತ್ತವೆ. ಒಲೆ ಯಾರೂ ಕೊಡಲ್ಲ.

ಸರ್ಕಾರಿ ಶಾಲೆಯ ಬಿಸಿಯೂಟ ಹತ್ತನೇ ಕ್ಲಾಸಿಗೆ ಮುಗೀತು. ಪಿಯುಸಿಗೆ ಬಂದವನಿಗೆ ಹಸಿವು ಕಮ್ಮಿಯಾಗುತ್ತೆ ಅಂತ ಯಾರು ಹೇಳಿದರೋ! ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ಅಂತ 2013-14ರಲ್ಲಿ ‘ವಿದ್ಯಾಸಿರಿ’ ಬಂತು. ಒಳ್ಳೆಯ ಯೋಜನೆ, ಅನುಮಾನವಿಲ್ಲ. ಆದರೆ ಶುರುವಾದಾಗ ಕೊಟ್ಟಿದ್ದು ತಿಂಗಳಿಗೆ 1,500 ರೂಪಾಯಿ, ವರ್ಷಕ್ಕೆ 10 ತಿಂಗಳು. ದಿನಕ್ಕೆ 50. ಊಟ, ವಸತಿ ಎರಡೂ ಅದರಲ್ಲೇ. ಸ್ವಂತ ಒಲೆ ಇದ್ದರೆ ಆ 50 ರೂಪಾಯಿ ತರಕಾರಿ, ಬೇಳೆ, ಮೊಟ್ಟೆ ಆಗುತ್ತೆ. ಇಲ್ಲದಿದ್ದರೆ ಮೆಸ್ಸಿನ ಒಂದು ಊಟ, ಅಷ್ಟೇ. 2017ರಲ್ಲಿ ಶುರುವಾದ ಇಂದಿರಾ ಕ್ಯಾಂಟೀನ್ 5 ರೂಪಾಯಿಗೆ ತಿಂಡಿ, 10ಕ್ಕೆ ಊಟ ಕೊಟ್ಟು ಎಷ್ಟೋ ಜನರ ಹೊಟ್ಟೆ ತುಂಬಿಸಿದೆ. ಆದರೆ ಕ್ಲಾಸಿನ ಬೆಲ್ಲಿಗೂ ಅಲ್ಲಿನ ಕ್ಯೂಗೂ ತಾಳೆ ಆಗಬೇಕಲ್ಲ.

ಹಿಂದೆ ವಾರಾನ್ನ ಇತ್ತು. ವಾರಕ್ಕೆ ಏಳು ಮನೆ, ದಿನಕ್ಕೊಂದು. ಅದನ್ನು ನೆನೆದು ಕಣ್ಣೀರು ಹಾಕೋ ಹಿರಿಯರು ಒಂದು ವಿಷಯ ಮರೀತಾರೆ: ಯಾವ ಮನೆಯ ಬಾಗಿಲು ಯಾರಿಗೆ ತೆರೆಯುತ್ತೆ ಅನ್ನೋದನ್ನ ಜಾತಿ ನಿರ್ಧರಿಸುತ್ತಿತ್ತು. ಆಮೇಲೆ ಬಂದ ಮಠಗಳ ಉಚಿತ ಹಾಸ್ಟೆಲ್ಲುಗಳು, ಸರ್ಕಾರಿ ಹಾಸ್ಟೆಲ್ಲುಗಳು ಸಾವಿರಾರು ಜನರನ್ನ ಓದಿಸಿವೆ. ಅಲ್ಲೂ ಅಡುಗೆಮನೆ ಭಟ್ಟರದ್ದೇ. ಗಂಟೆ ಹೊಡೆದಾಗ ತಟ್ಟೆ ಹಿಡಿದು ನಿಲ್ಲೋದನ್ನ ಕಲಿತೆವು, ಮುದ್ದೆ ಗಂಟಾಗದ ಹಾಗೆ ತಿರುವೋದನ್ನ ಕಲಿಯಲಿಲ್ಲ.

ಹುಡುಗಿಯರ ಕಥೆ ಬಂದಾಗ ನನ್ನ ವಾದ ಸ್ವಲ್ಪ ತಡವರಿಸುತ್ತೆ. 2023ರ ಜೂನ್‌ನಲ್ಲಿ ‘ಶಕ್ತಿ’ ಬಂದ ಮೇಲೆ ರೂಮಿನ ಬಾಡಿಗೆ ಬೇಡ, ದಿನಾ ಮನೆಯಿಂದಲೇ ಓಡಾಡು ಅನ್ನೋದು ಸುಲಭವಾಯ್ತು. ನನ್ನ ಚಿಕ್ಕಪ್ಪನ ಮಗಳು ಬೆಳಗ್ಗೆ ಐದಕ್ಕೆ ಎದ್ದು ಎಲ್ಲರಿಗೂ ತಿಂಡಿ ಮಾಡಿಟ್ಟು, ತಾನು ತಿನ್ನದೆ ಬಸ್ಸು ಹತ್ತುತ್ತಾಳೆ. ಒಲೆ ಅವಳ ಕೈಲೇ ಇದೆ, ತಿನ್ನೋಕೆ ಟೈಮಿಲ್ಲ. ಅವಳಿಗೆ ಬೇಕಿರೋದು ಕಾಲೇಜಲ್ಲಿ ಯಾರೋ ಮಾಡಿ ಬಡಿಸೋ ಬಿಸಿ ಊಟವೇ.

ಹಾಗಾದರೆ ರೂಮಿನ ಹುಡುಗರಿಗೆ? 5 ಕೆಜಿಯ ‘ಛೋಟು’ ಸಿಲಿಂಡರಿಗೆ ಅಡ್ರೆಸ್ ಪ್ರೂಫ್ ಕೇಳಲ್ಲ, ಒಂದು ಗುರುತಿನ ಚೀಟಿ ಸಾಕು. ಆದರೆ ಇಡೋಕೆ ಓನರ್ ಒಪ್ಪಬೇಕು. ಹತ್ತಡಿ ರೂಮಲ್ಲಿ ಬೆಂಕಿಗೆ ಹೆದರೋ ಅವರನ್ನ ಬೈಯೋಕೂ ಮನಸ್ಸು ಬರಲ್ಲ. ಅದಕ್ಕೇ ಕಾಲೇಜಲ್ಲೇ ಒಂದು ಹಂಚಿಕೆಯ ಅಡುಗೆಮನೆ ಇರಲಿ ಅನ್ನೋದು: ನಾಲ್ಕು ಒಲೆ, ಎರಡು ಸಿಂಕು, ಬೀಗ ಹಾಕೋ ಕಪಾಟು.

ಇದನ್ನ ನಮ್ಮ ಆಫೀಸಿನ ಸಿಎಸ್‌ಆರ್ ಮೀಟಿಂಗಲ್ಲಿ ಹೇಳಿದೆ. ದಿನಕ್ಕೆ ಎಷ್ಟು ಪ್ಲೇಟ್ ಅಂತ ತೋರಿಸೋಕಾಗುತ್ತಾ ಅಂತ ಕೇಳಿದರು. ಆಗಲ್ಲ ಅಂದೆ. ಪಾತ್ರೆ ಯಾರು ತೊಳೀತಾರೆ ಅಂತ ಇನ್ನೊಬ್ಬರು ಕೇಳಿದರು. ಆ ಪ್ರಶ್ನೆ ಸರಿಯಾಗಿತ್ತು. ಮುಂದಿನ ಮೀಟಿಂಗಿಗೆ ಅದರ ಸರದಿ ಪಟ್ಟಿ ಬರೀತಾ ಕೂತಿದ್ದೀನಿ.