ಮೂಗು ಮುಚ್ಚಿಕೊಂಡು ಮೀನು ಕೊಂಡ ಕಾಲ

ಮೀನು ಕೊಳ್ಳಲು ಹೊರಟವನಿಗೆ ಬೇಕಾದದ್ದು ಮೂಗು, ಬೆರಳು, ಬಾಯಿ. ಮೂಸಬೇಕು, ಒತ್ತಿ ನೋಡಬೇಕು, ಆಮೇಲೆ ಚೌಕಾಸಿಗೆ ಇಳಿಯಬೇಕು. 2020ರಲ್ಲಿ ಕೊರೊನಾ ಮೂರನ್ನೂ ಕಿತ್ತುಕೊಂಡಿತ್ತು. ಆಗೊಂದು ದಿನ ಮಂಗಳೂರಿನ ದಕ್ಕೆಯಲ್ಲಿ ಬಂಗುಡೆ ರಾಶಿಯ ಮುಂದೆ ಅಭ್ಯಾಸಬಲದಿಂದ ಬಗ್ಗಿ ಮೂಸಿದೆ. ಮೂಗಿಗೆ ಬಡಿದದ್ದು ನನ್ನದೇ ಮಾಸ್ಕಿನ ಸೋಪಿನ ವಾಸನೆ. ಮೀನಿನ ಅಕ್ಕ ನಕ್ಕರು: "ಕಣ್ಣಿಗೆ ಮಾಸ್ಕ್ ಇಲ್ಲ ಅಲ್ವಾ ಅಣ್ಣ, ನೋಡಿ ತೆಕ್ಕೊಳ್ಳಿ."

ನೋಡುವುದೆಂದರೆ ಹೀಗೆ. ಕಣ್ಣು ಉಬ್ಬಿ ತಿಳಿಯಾಗಿರಬೇಕು. ಬೆನ್ನಿನ ಹಸಿರು-ನೀಲಿ ಗೆರೆಗಳು ಹೊಳೆಯಬೇಕು. ತಲೆ ಹಿಡಿದು ಅಡ್ಡಲಾಗಿ ಎತ್ತಿದರೆ ಬಾಲ ಜೋತು ಬೀಳಬಾರದು. ಕಿವಿರನ್ನು ಅಕ್ಕನೇ ಬಿಡಿಸಿ ತೋರಿಸಿದರು: ಕೆಂಪಗಿತ್ತು. ನಾನು ಏನನ್ನೂ ಮುಟ್ಟಲಿಲ್ಲ.

ನಮ್ಮ ಪಕ್ಕದ ಮನೆಯವರು ಆ ವರ್ಷದ ಮಾರ್ಚ್‌ನಿಂದ ಮೀನು ಬಿಟ್ಟಿದ್ದರು. ರೋಗ ಹುಟ್ಟಿದ್ದೇ ಮೀನು ಮಾರುಕಟ್ಟೆಯಲ್ಲಿ ಎಂದು ಅವರ ವಾಟ್ಸಾಪ್ ಹೇಳಿತ್ತು. 2020ರ ಜನವರಿ 1ರಂದು ಬಾಗಿಲು ಹಾಕಿದ ವುಹಾನಿನ ಆ ಮಾರುಕಟ್ಟೆಯ ಹೆಸರಲ್ಲಿ ಮೀನಿತ್ತು ನಿಜ. ಒಳಗೆ ಕಾಡುಪ್ರಾಣಿಗಳನ್ನೂ ಜೀವಂತ ಮಾರುತ್ತಿದ್ದರು. ಕೆಟ್ಟ ಹೆಸರು ಮಾತ್ರ ಮೀನಿಗೇ ಅಂಟಿತು. ಜೂನ್‌ನಲ್ಲಿ ಬೀಜಿಂಗಿನ ಶಿನ್‌ಫಾದಿ ಮಾರುಕಟ್ಟೆಯಲ್ಲಿ ಸಾಲ್ಮನ್ ಕತ್ತರಿಸುವ ಹಲಗೆಯ ಮೇಲೆ ವೈರಸ್ ಸಿಕ್ಕಿದ್ದೇ ತಡ, ಆ ಊರಿನ ಅಂಗಡಿಗಳಿಂದ ಸಾಲ್ಮನ್ ಮಾಯವಾಯಿತು. ಕೆಲವೇ ದಿನಗಳಲ್ಲಿ ನಾರ್ವೆ, ಚೀನಾ ಎರಡೂ ಕಡೆಯ ಅಧಿಕಾರಿಗಳು ಮೀನಿನದು ತಪ್ಪಲ್ಲ ಎಂದರು. ಹಲಗೆಯನ್ನು ಎಷ್ಟು ಕೈ ಮುಟ್ಟಿರಲಿಲ್ಲ! ಅದೇ ವರ್ಷದ ನವೆಂಬರ್‌ನಲ್ಲಿ ಭಾರತದಿಂದ ಹೋದ ಕಟಲ್ ಫಿಶ್ ಪೊಟ್ಟಣದ ಮೇಲೆ ವೈರಸ್ ಕಂಡಿತೆಂದು ಚೀನಾ ಒಂದು ಕಂಪನಿಯ ಮಾಲನ್ನು ವಾರದ ಮಟ್ಟಿಗೆ ತಡೆಯಿತು. ಅಲ್ಲೂ ಸಿಕ್ಕಿದ್ದು ಪೊಟ್ಟಣದ ಮೇಲೆ.

ಈ ವೈರಸ್ಸಿಗೆ ಕೊಬ್ಬಿನ ಹೊದಿಕೆಯಿದೆ. ಸೋಪು ತಾಗಿದರೆ ಕರಗುತ್ತದೆ, ಕುದಿಯುವ ಗಸಿಯಲ್ಲಂತೂ ಉಳಿಯುವುದಿಲ್ಲ. ಸತ್ತ ಮೀನಿನ ಮೇಲೆ ಅದು ಬೆಳೆಯಲಾರದು. ಸೋಪು ಕೈಗೆ, ಮೀನಿಗಲ್ಲ. ನನ್ನ ಬಂಧುವೊಬ್ಬರು ಅಂಜಲ್ ತುಂಡುಗಳನ್ನು ಸೋಪಿನ ನೀರಲ್ಲಿ ಅದ್ದಿ ತೊಳೆದಿದ್ದಾರೆ. ಆ ಸಾರಿನ ರುಚಿ ಕೇಳುವ ಧೈರ್ಯ ನನಗಾಗಲಿಲ್ಲ.

ಕಡಲಿನಿಂದ ವೈರಸ್ ಬಂದದ್ದೇ ಇಲ್ಲವೆಂದಲ್ಲ. 1988ರಲ್ಲಿ ಶಾಂಘೈಯಲ್ಲಿ ಸುಮಾರು 3 ಲಕ್ಷ ಜನ ಹೆಪಟೈಟಿಸ್ ಎ ಕಾಮಾಲೆಯಿಂದ ಮಲಗಿದರು. ಕಾರಣ, ಕೊಳಚೆ ಸೇರಿದ ನೀರಿನ ಚಿಪ್ಪಿನ ಮೀನು. ಅಲ್ಲಿನವರು ಅದನ್ನು ಬಿಸಿನೀರಲ್ಲಿ ಅದ್ದಿ ತೆಗೆದು ಹೆಚ್ಚುಕಡಿಮೆ ಹಸಿಯಾಗಿಯೇ ತಿನ್ನುತ್ತಿದ್ದರು. ನಮ್ಮ ಮರುವಾಯಿಯೂ ಅದೇ ಕುಲ, ನೀರು ಸೋಸಿಯೇ ಬದುಕುವ ಜೀವಿ. ಹೆಪಟೈಟಿಸ್ ಎ ವೈರಸ್ಸಿಗೆ ಕೊಬ್ಬಿನ ಹೊದಿಕೆಯಿಲ್ಲ, ಅಷ್ಟು ಸುಲಭಕ್ಕೆ ಸಾಯದು. ಚಿಪ್ಪು ಬಾಯಿಬಿಟ್ಟ ಮೇಲೂ ಮರುವಾಯಿ ಸುಕ್ಕವನ್ನು ಇನ್ನಷ್ಟು ಹೊತ್ತು ಬೇಯಿಸುವ ನಮ್ಮ ಅಜ್ಜಿಯಂದಿರ ಕ್ರಮ ನನಗೆ ಒಪ್ಪಿಗೆ.

ನನ್ನ ನಿಜವಾದ ಅಂಜಿಕೆ ಬಂಗುಡೆ, ಬೂತಾಯಿಯ ಬಗ್ಗೆ. ಹಿಡಿದ ಮೇಲೆ ಐಸ್ ಸಾಲದೆ ಹೋದರೆ ಬ್ಯಾಕ್ಟೀರಿಯಾಗಳು ಇವುಗಳ ಮಾಂಸದಲ್ಲಿ ಹಿಸ್ಟಮಿನ್ ತಯಾರಿಸುತ್ತವೆ. ತಿಂದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ಮೈ ತುರಿಸಿ, ತಲೆ ಸಿಡಿಯುತ್ತದೆ. ಕುದಿಸಿದರೂ ಹುರಿದರೂ ಅದು ಹೋಗುವುದಿಲ್ಲ. ಮೀನು ನೋಡಲು ಚೆನ್ನಾಗಿಯೇ ಇರಬಹುದು, ವಾಸನೆಯೂ ಬಾರದಿರಬಹುದು. ನಾನು ಹೊಗಳಿಕೊಳ್ಳುವ ಮೂಗೂ ಇಲ್ಲಿ ಸೋಲುತ್ತದೆ. ಕಾಯುವುದು ಐಸ್ ಒಂದೇ. 2020ರ ಮಾರ್ಚ್ 25ರಿಂದ ಲಾಕ್‌ಡೌನ್‌ನಲ್ಲಿ ದೋಣಿಗಳು ದಡದಲ್ಲೇ ನಿಂತವು, ದೂರದ ಲಾರಿಗಳ ಹಳೆ ಮೀನು ಹೊರಬಂತು. ಏಪ್ರಿಲ್‌ನಲ್ಲಿ ಕೇರಳದ ಆಹಾರ ಸುರಕ್ಷತಾ ಇಲಾಖೆ ಟನ್‌ಗಟ್ಟಲೆ ಕೊಳೆತ ಮೀನು ಹಿಡಿದು ನಾಶಮಾಡಿತು. ವೈರಸ್ಸಿಗೆ ಹೆದರಿ ಹತ್ತಿರದ ಸಂತೆಗೂ ಹೋಗದವರು ಎಲ್ಲಿಂದಲೋ ಬಂದದ್ದನ್ನು ಗೇಟಿನಲ್ಲೇ ನೋಡದೆ ತೆಗೆದುಕೊಂಡರು. ಹಾಗೆ ಕೊಳ್ಳುವುದಕ್ಕಿಂತ ಬೆಳಗ್ಗೆ ಬೇಗ, ಜನ ಸೇರುವ ಮೊದಲು ದಕ್ಕೆಗೆ ಹೋಗುವುದು ಲೇಸಾಗಿತ್ತು. ಅಲ್ಲಿ ಭಯಪಡಬೇಕಾದದ್ದು ಬುಟ್ಟಿಗಲ್ಲ, ಹೆಗಲಿಗೆ ಹೆಗಲು ತಾಗಿಸಿ ನಿಂತವರ ಉಸಿರಿಗೆ.

ಆ ಅಕ್ಕನಿಂದ ಅವತ್ತು ಆರು ಬಂಗುಡೆ ತಂದೆ. ಕೈ ತೊಳೆದೆ, ಮಾಸ್ಕ್ ತೆಗೆದೆ, ಒಂದನ್ನು ಮೂಗಿನ ಹತ್ತಿರ ಹಿಡಿದೆ. ಕಡಲಿನ ವಾಸನೆ ಬಂತು. ಮೀನೂ ಚೆನ್ನಾಗಿದೆ, ಮೂಗೂ.