ಉಪ್ಪು ನೀರಿನ ಭತ್ತ

ಕುಮಟಾ ಬಳಿಯ ಅಘನಾಶಿನಿ ಅಳಿವೆಯ ಗಜನಿ ಎಂಬ ಉಪ್ಪುನೀರಿನ ಗದ್ದೆಗಳಲ್ಲಿ ಬೆಳೆಯುವ ಕಗ್ಗ ಭತ್ತಕ್ಕೆ ಉಪ್ಪಿನ ಭಯವಿಲ್ಲ. ಆದರೂ ಮುಂಗಾರಿನ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಬಿತ್ತನೆ. ಆಮೇಲೆ ಗೊಬ್ಬರ, ಔಷಧಿಯ ಗೊಡವೆಯೇ ಇಲ್ಲ. ನೆರೆಯಲ್ಲಿ ಕೆಲವು ದಿನ ಮುಳುಗಿದರೂ ಪೈರು ತಲೆಯೆತ್ತುತ್ತದೆ. ಕೊಯ್ಲಾದ ಬಳಿಕ ಒಡ್ಡಿನ ತೂಬಿನ ಹಲಗೆ ಎತ್ತಿದರೆ ಭರತದ ನೀರಿನೊಡನೆ ಸಿಗಡಿ, ಮೀನು ಒಳಬರುತ್ತವೆ. ಕೊಳೆತ ಕೂಳೆ ಅವುಗಳ ಮೇವಿಗೆ ಆಸರೆ. ಅವನ್ನು ಅರಸಿ ಕೊಕ್ಕರೆಗಳೂ ಬರುತ್ತವೆ. ಒಡ್ಡಿನ ಹೊರಗೆ ಕಾಂಡ್ಲ (ಮ್ಯಾಂಗ್ರೋವ್) ಗಿಡಗಳು ದಂಡೆ ಕಾಯುತ್ತವೆ. ಇಳಿತದಲ್ಲಿ ಜನ ಬಳಚು ಎಂಬ ಚಿಪ್ಪುಮೀನು ಹೆಕ್ಕುತ್ತಾರೆ. ಸಾಣಿಕಟ್ಟೆಯಲ್ಲಿ ಅದೇ ನೀರು ಉಪ್ಪಾಗುತ್ತದೆ. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶವಾಗಿ ರಾಮ್ಸಾರ್ ತಾಣಗಳ ಪಟ್ಟಿ ಸೇರಿತು. ಕಡಲನ್ನು ಪೂರ್ತಿ ಹೊರಗಟ್ಟದೆ, ಹೊತ್ತು ನೋಡಿ ಒಳಗೆ ಕರೆಯುವ ಈ ಬೇಸಾಯದ ಜಾಣ್ಮೆಗೆ ಅದಕ್ಕಿಂತ ಬಹಳ ಹಿಂದೆಯೇ ಮನ್ನಣೆ ಸಲ್ಲಬೇಕಿತ್ತು.