ಹಾಸಿಗೆಯ ಬಳಿಗೇ ಬರುವ ಮನೆಮಂದಿ

2017ರ ನವೆಂಬರಿನಲ್ಲಿ ಹೈದರಾಬಾದಿನ ಜಾಗತಿಕ ಉದ್ಯಮಶೀಲತಾ ಶೃಂಗಸಭೆಯಲ್ಲಿ ಪ್ರಧಾನಿ ಮೋದಿ ಮತ್ತು ಇವಾಂಕಾ ಟ್ರಂಪ್ ಅವರನ್ನು ಸ್ವಾಗತಿಸಿದ ‘ಮಿತ್ರ’ ರೋಬೊ ಬೆಂಗಳೂರಿನ ಇನ್ವೆಂಟೊ ರೊಬೊಟಿಕ್ಸ್‌ನ ಕೂಸು. ಅದು ನನಗೆ ಹಿಡಿಸಿದ್ದು ಮಾತ್ರ 2020ರ ಕೊರೊನಾ ವಾರ್ಡಿನಲ್ಲಿ. ನೋಯ್ಡಾದ ಯಥಾರ್ಥ್ ಆಸ್ಪತ್ರೆಯಲ್ಲಿ, ಎದೆಯ ಮೇಲಿನ ಪರದೆಯಲ್ಲಿ ಮನೆಯವರ ಮುಖ ಹೊತ್ತು ಅದು ರೋಗಿಗಳ ಬಳಿ ಹೋಗುತ್ತಿತ್ತು.

ಇಂಥ ಯಂತ್ರದ ಹೆಚ್ಚುಗಾರಿಕೆ ಇರುವುದು ಚಕ್ರದಲ್ಲಿ. ವಿಡಿಯೊ ಕಾಲ್ ಮೊಬೈಲಿನಲ್ಲೂ ಆಗುತ್ತದೆ. ಆದರೆ ಕೈ ನಡುಗುವ ಅಜ್ಜಿ ಹಿಡಿದರೆ ಮಗನಿಗೆ ಕಾಣುವುದು ಮನೆಯ ಜಂತಿ. ಸ್ವೀಡನ್ನಿನ ‘ಜಿರಾಫ್’ ಥರದ ರೋಬೊಗಳಲ್ಲಿ ಹಿರಿಯರು ಏನನ್ನೂ ಹಿಡಿಯಬೇಕಿಲ್ಲ. ದೂರದ ಮಗಳೇ ತನ್ನ ಕಂಪ್ಯೂಟರಿನಿಂದ ಅದನ್ನು ನಡೆಸುತ್ತಾಳೆ, ಅಮ್ಮನ ಹಿಂದೆ ಅಡುಗೆಮನೆಗೂ ಹೋಗುತ್ತಾಳೆ, ಮಾತು ಮುಗಿದ ಮೇಲೆ ಚಾರ್ಜಿಂಗ್ ಜಾಗಕ್ಕೆ ಒಯ್ದು ನಿಲ್ಲಿಸುತ್ತಾಳೆ.

ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಸೀಮೆಗೆ ಇದರ ಅಗತ್ಯವನ್ನು ವಿವರಿಸಬೇಕಿಲ್ಲ. ದುಡಿಮೆಗಾಗಿ ಊರು ಬಿಡುವುದು ಪಾಲಮೂರಿನ, ಅಂದರೆ ಮಹಬೂಬ್‌ನಗರ ಸೀಮೆಯ, ಹಳೆಯ ಕಥೆ. ಮಕ್ಕಳು ಹೈದರಾಬಾದ್, ಮುಂಬೈ, ಬೆಂಗಳೂರಿನಲ್ಲಿ, ಹಿರಿಯರು ಊರಲ್ಲಿ. ಕೃಷ್ಣಾ ದಂಡೆಯ ಕನ್ನಡದ ಮನೆಗಳಲ್ಲಿ “ಉಂಡಿಯೇನಬೇ ಯವ್ವಾ?” ಎಂದು ಕೇಳುವ ದನಿ ಈಗ ಫೋನಿನಿಂದಲೇ ಬರಬೇಕು.

ಆದರೆ ಎತ್ತರದ ಹೊಸ್ತಿಲನ್ನು ರೋಬೊದ ಈ ಚಕ್ರಗಳು ದಾಟಲಾರವು. ನೆಟ್‌ವರ್ಕ್ ಹೋದರೆ ಮುಖವೂ ಮಾಯ. ಬೆಲೆಯೂ ಒಂದು ಮನೆಗೆ ಎಟುಕುವಂಥದ್ದಲ್ಲ. ವೃದ್ಧಾಶ್ರಮದ ಸಪಾಟು ನೆಲದಲ್ಲಾದರೆ ಒಂದೇ ರೋಬೊ ಸರದಿಯಂತೆ ಹಲವರ ಬಳಿಗೆ ಹೋಗಬಲ್ಲದು. ಕೊಳ್ಳುವುದಾದರೆ ಅಲ್ಲಿಗೇ ಮೊದಲು ಕೊಳ್ಳಬೇಕು.